ಒತ್ತಿದ್ರೆ ಮುರಿಯುತ್ತೆ, ಎಣ್ಣೆಗೆ ಬಿಟ್ರೆ ಪುಡಿಯಾಗುತ್ತೆ, ಆರಿದ್ರೆ ಕಲ್ಲು: ಚಕ್ಕುಲಿ ಯಾಕೆ ಹೀಗಾಗುತ್ತೆ?

ಪ್ರಶ್ನೆ: ಅಕ್ಕ ನಮಸ್ತೆ. ಈ ಸಲ ಗೋಕುಲಾಷ್ಟಮಿಗೆ ಚಕ್ಕುಲಿ ಕೋಡುಬಳೆ ಮನೇಲೇ ಮಾಡ್ಬೇಕು ಅಂತಿದೀನಿ. ಹೋದ ವರ್ಷ 4 ಕಪ್ ಅಕ್ಕಿ ಹಿಟ್ಟಿಗೆ 1 ಕಪ್ ಉದ್ದಿನ ಹಿಟ್ಟು, ಅಳತೆ ಸರಿಯಾಗೇ ಹಾಕಿದ್ದೆ. ಮೊದಲು ಒತ್ತುವಾಗಲೇ ತುಂಡು ತುಂಡು ಆಯ್ತು. ಬೆಣ್ಣೆ ಕಮ್ಮಿ ಆಯ್ತೇನೋ ಅಂತ ಇನ್ನಷ್ಟು ಹಾಕಿದೆ, ಎಣ್ಣೆಗೆ ಬಿಟ್ಟ ತಕ್ಷಣ ಬಿಚ್ಚಿಕೊಂಡು ಪುಡಿ ಪುಡಿ. ಆಮೇಲೆ ಅಕ್ಕಿ ಹಿಟ್ಟು ಸೇರಿಸಿ ಗಟ್ಟಿಯಾಗಿ ಕಲಸಿದೆ, ಆಕಾರ ಚೆನ್ನಾಗಿ ಬಂತು ಆದ್ರೆ ಆರಿದ ಮೇಲೆ ಕಡಿಯೋಕೇ ಆಗ್ಲಿಲ್ಲ, ನಮ್ಮ ಮಾವ ಒಂದು ಬಾಯಿಗಿಟ್ಟು ಹಾಗೇ ತೆಗೆದಿಟ್ರು. ಕೋಡುಬಳೆ ಒಂದು ಎಣ್ಣೇಲಿ ಪಟ್ ಅಂತ ಸಿಡೀತು, ಅವತ್ತಿಂದ ಅದನ್ನ ಮಾಡೋಕೇ ಭಯ. ಅಕ್ಕಿ ಹಿಟ್ಟು ಪ್ಯಾಕೆಟ್‌ದು, ಉದ್ದಿನ ಹಿಟ್ಟು ಮಿಕ್ಸೀಲಿ ಮಾಡಿದ್ದು. ಉದ್ದಿನ ಬದಲು ಹುರಿಗಡಲೆ ಹಾಕಬಹುದಾ? ಮನೇಲಿ ಏರ್ ಫ್ರೈಯರ್ ಇದೆ, ಅದರಲ್ಲಿ ಆಗುತ್ತಾ?

ಉತ್ತರ: ಮೊದಲು ಒಂದು ಸಮಾಧಾನದ ಮಾತು ಹೇಳ್ತೀನಿ, ನಿಮ್ಮ ಅಳತೇಲಿ ಏನೂ ತಪ್ಪಿಲ್ಲ. ನಾಲ್ಕಕ್ಕೆ ಒಂದು ಅನ್ನೋದು ಮೈಸೂರು ಬೆಂಗಳೂರು ಕಡೆ ಎಷ್ಟೋ ಮನೆಗಳಲ್ಲಿ ಹಾಕೋ ಲೆಕ್ಕಾನೇ. ನೀವು ಬರೆದಿದ್ದನ್ನ ಎರಡು ಸಲ ಓದಿದೆ, ನನಗೆ ಕಾಣ್ತಿರೋದು ಏನಂದ್ರೆ ಮೊದಲ ಸಲ ಹಿಟ್ಟಿಗೆ ಬೇಕಾಗಿದ್ದು ನೀರು, ನೀವು ಹಾಕಿದ್ದು ಬೆಣ್ಣೆ. ಎರಡನೇ ಸಲ ಬೆಣ್ಣೆ ಜಾಸ್ತಿ ಆಗಿ ಬಿಚ್ಚಿಕೊಳ್ತು, ಅದಕ್ಕೆ ಬರೀ ಅಕ್ಕಿ ಹಿಟ್ಟು ಸುರಿದು ಗಟ್ಟಿ ಮಾಡಿದ್ರಿ, ಅಲ್ಲಿಗೆ ಉದ್ದಿನ ಪಾಲು ಕಮ್ಮಿ ಆಯ್ತು, ನೀರೂ ಸಾಲದೆ ಹೋಯ್ತು, ಕಲ್ಲಾಯ್ತು. ಅಂದ್ರೆ ಒಂದೇ ತೊಂದರೆ ಮೂರು ವೇಷ ಹಾಕ್ಕೊಂಡು ಬಂದಿದೆ ಅಷ್ಟೆ. ನಿಮ್ಮ ಡಬ್ಬಿಯಲ್ಲಿರೋ ಹಿಟ್ಟು ಎಷ್ಟು ನೀರು ಕುಡಿಯುತ್ತೆ ಅನ್ನೋದು ಯಾವ ರೆಸಿಪಿಗೂ ಗೊತ್ತಿರಲ್ಲ, ಅದು ಅಕ್ಕಿ ಹಳೇದಾ ಹೊಸದಾ, ಹಿಟ್ಟು ನುಣ್ಣಗಿದೆಯಾ ತರಿಯಿದೆಯಾ, ಪ್ಯಾಕೆಟ್ ಎಷ್ಟು ತಿಂಗಳಿಂದ ಅಂಗಡೀಲಿ ಒಣಗ್ತಾ ಕೂತಿತ್ತು ಅನ್ನೋದರ ಮೇಲೆ ಹೋಗುತ್ತೆ. ಅದಕ್ಕೇ ನಾನು ಯಾರು ಕೇಳಿದ್ರೂ ಹೇಳೋದು ಇದೊಂದೇ, ಕಪ್ ಲೆಕ್ಕಕ್ಕಿಂತ ಚಕ್ಕುಲಿ ಒರಳಿಂದ ಇಳಿಯೋ ಎಳೆ ನೋಡಿ, ಒಂದೇ ಒಂದು ಚಕ್ಕುಲಿ ಕರಿದು ನೋಡಿ, ಮಿಕ್ಕಿದ್ದು ಆಮೇಲೆ.

ಹಿಟ್ಟು ಹಿಡಿದುಕೊಳ್ಳೋದು ಹೇಗೆ ಅಂತ ಸ್ವಲ್ಪ ತಿಳ್ಕೊಂಡ್ರೆ ಮುಂದಿನದೆಲ್ಲಾ ಸಲೀಸು. ಗೋಧಿ ಹಿಟ್ಟು ಕಲಸಿದ್ರೆ ಜಿಗುಟು ಬರುತ್ತಲ್ಲ, ಎಳೆದ್ರೆ ಎಳೀಬಹುದು, ಅದಕ್ಕೆ ಕಾರಣ ಗ್ಲುಟೆನ್. ಅಕ್ಕೀಲಿ ಅದು ಇಲ್ಲವೇ ಇಲ್ಲ. ಅಕ್ಕಿ ಹಿಟ್ಟಿನ ಕಣಗಳನ್ನ ಒಂದಕ್ಕೊಂದು ಅಂಟಿಸೋದು ನೀರು, ಜೊತೆಗೆ ಉದ್ದಿನ ಲೋಳೆ. ಹುದುಗಿ ಉಬ್ಬಿದ ಇಡ್ಲಿ ಹಿಟ್ಟು ಇಳಿಯದ ಹಾಗೆ ನಿಲ್ಲಿಸೋದರಲ್ಲೂ ಅದೇ ಲೋಳೆಯ ಪಾಲಿದೆ. ಚಕ್ಕುಲಿ ಎಣ್ಣೆಗೆ ಬಿದ್ದಾಗ ಒಳಗಿರೋ ನೀರು ಆವಿಯಾಗಿ ಹೊರಗೆ ನುಗ್ಗುತ್ತೆ, ಹೋಗೋ ದಾರಿಯಲ್ಲೆಲ್ಲಾ ಸಣ್ಣ ಸಣ್ಣ ತೂತು ಬಿಟ್ಟು ಹೋಗುತ್ತೆ, ಆ ತೂತುಗಳೇ ನಾವು ಕಡಿದಾಗ ಗರಿಗರಿ ಅನ್ನೋದು. ಉದ್ದು ಇದ್ರೆ ಆ ತೂತು ನಿಲ್ಲುತ್ತೆ. ಬೆಣ್ಣೆಯ ಕೆಲಸ ಇದಕ್ಕೆ ಉಲ್ಟಾ, ಅದು ಕಣಗಳ ಮಧ್ಯೆ ಹೊಕ್ಕು ಅವು ಪೂರ್ತಿ ಅಂಟಿಕೊಂಡು ಗಟ್ಟಿ ಆಗದ ಹಾಗೆ ತಡೆಯುತ್ತೆ. ಹಾಗಾಗಿ ಬೆಣ್ಣೆ ಕಮ್ಮಿ ಆದ್ರೆ ಬಿರುಸು, ಜಾಸ್ತಿ ಆದ್ರೆ ಹಿಡಿತಾನೇ ಇಲ್ಲದೆ ಎಣ್ಣೇಲಿ ಬಿಚ್ಚಿಕೊಳ್ಳುತ್ತೆ. ಒತ್ತುವಾಗ ಮುರಿಯೋ ಹಿಟ್ಟಿಗೆ ಬೆಣ್ಣೆ ಹಾಕಿದ್ರೆ ಯಾಕೆ ಇನ್ನೂ ಕೆಡ್ತು ಅಂತ ಈಗ ಗೊತ್ತಾಯ್ತಲ್ವಾ.

ಈಗ ಅಕ್ಕಿಗೆ ಬರೋಣ. ಸಾಧ್ಯ ಆದ್ರೆ ಈ ಒಂದು ಸಲ ಪ್ಯಾಕೆಟ್ ಬಿಟ್ಟು ಗಿರಣಿಗೆ ಹೋಗಿ. ಹಳೇ ಅಕ್ಕಿ ಬೇಕು, ಸೋನಾ ಮಸೂರಿ ಆಗಲಿ ದೋಸೆ ಅಕ್ಕಿ ಆಗಲಿ ರೇಷನ್ ಅಕ್ಕಿ ಆಗಲಿ ನಡೆಯುತ್ತೆ, ಹೊಸ ಅಕ್ಕಿ ಮಾತ್ರ ಬೇಡ, ಅದು ಮುದ್ದೆ ಆಗಿ ಒರಳಿಗೆ ಮೆತ್ತಿಕೊಳ್ಳುತ್ತೆ. ಎರಡು ಮೂರು ನೀರಲ್ಲಿ ತೊಳೆದು, ನೀರು ಪೂರ್ತಿ ಬಸಿದು, ತೆಳ್ಳನೆ ಪಂಚೆ ಮೇಲೆ ನೆರಳಲ್ಲಿ ಹರಡಿ, ಚೆನ್ನಾಗಿ ಆರಿದ ಮೇಲೆ ಬೀಸಿಸಿ. ಗಿರಣಿಯವರಿಗೆ ಬಾಯಿ ಬಿಟ್ಟು ಹೇಳಿ, ಅಕ್ಕಿ ಬೀಸಿದ ಮೇಲೇ ನಮ್ಮದು ಹಾಕಿ, ಗೋಧಿ ರಾಗಿ ಮೆಣಸಿನಕಾಯಿ ಆದ ಮೇಲೆ ಬೇಡ ಅಂತ, ಹೇಳದೇ ಇದ್ರೆ ಹಿಂದಿನವರ ಹಿಟ್ಟು ಒಂದು ಹಿಡಿಯಾದ್ರೂ ನಿಮ್ಮದಕ್ಕೆ ಸೇರಿರುತ್ತೆ, ಬಣ್ಣ ಕೆಡುತ್ತೆ. ಮನೆಗೆ ತಂದ ಹಿಟ್ಟನ್ನ ದಪ್ಪ ತಳದ ಬಾಣಲೇಲಿ ಸಣ್ಣ ಉರೀಲಿ ಬೆಚ್ಚಗೆ ಮಾಡಬೇಕು, ಹುರಿಯೋದಲ್ಲ, ಬಣ್ಣ ಬದಲಾಗಬಾರದು, ಒಳಗಿರೋ ಪಸೆ ಹೋಗ್ಬೇಕು ಅಷ್ಟೆ. ಎಷ್ಟು ಹೊತ್ತು ಅಂತ ಕೇಳಿದ್ರೆ, ಒಂದು ಚಿಟಿಕೆ ತಗೊಂಡು ನೆಲದ ಮೇಲೆ ರಂಗೋಲಿ ಎಳೆದು ನೋಡಿ, ಎಳೆ ಎಲ್ಲೂ ಕಡಿಯದೆ ಸರಾಗವಾಗಿ ಬಿದ್ರೆ ಆಯ್ತು ಅಂತ ಲೆಕ್ಕ. ಹಳಬರು ನೋಡ್ತಿದ್ದಿದ್ದೂ ಹೀಗೇ, ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ.

ಪ್ಯಾಕೆಟ್ ಹಿಟ್ಟೇ ಬಳಸ್ತೀನಿ ಅಂದ್ರೂ ಪರವಾಗಿಲ್ಲ, ಆದ್ರೆ ಹಿಂದೆ ಏನು ಬರೆದಿದೆ ನೋಡ್ಕೊಳಿ. ಇಡಿಯಪ್ಪಂ ಹಿಟ್ಟು ಅಂತ ಬರೋದು ಮೊದಲೇ ಬಿಸಿ ಕಂಡಿರೋ ಹಿಟ್ಟು, ಮಾಮೂಲಿ ಹಿಟ್ಟಿಗಿಂತ ಜಾಸ್ತಿ ನೀರು ಎಳೆಯುತ್ತೆ, ಅದಕ್ಕೆ ಮಾಮೂಲಿ ಲೆಕ್ಕದ ನೀರು ಹಾಕಿದ್ರೆ ಒತ್ತುವಾಗ ಮುರಿದೇ ಮುರಿಯುತ್ತೆ, ನಿಮ್ಮದೂ ಅದೇ ಆಗಿರಬಹುದು ನೋಡಿ. ಹೊರದೇಶದಲ್ಲಿ ಇರೋರು ಇದನ್ನ ಓದ್ತಿದ್ರೆ ಅವರಿಗೂ ಒಂದು ಮಾತು, ಅಲ್ಲಿ ಥಾಯ್ ಅಂಗಡೀಲಿ ಸಿಗೋ ಅಕ್ಕಿ ಹಿಟ್ಟಲ್ಲಿ ಎರಡು ಥರ ಇರುತ್ತೆ, ಒಂದು ಮಾಮೂಲಿ, ಇನ್ನೊಂದು ಅಂಟಕ್ಕಿದು, ಪ್ಯಾಕೆಟ್ ನೋಡೋಕೆ ಒಂದೇ ಥರ. ಅಂಟಕ್ಕಿ ಹಿಟ್ಟು ಚಕ್ಕುಲಿಗೆ ಆಗಲ್ಲ.

ಉದ್ದಿನಬೇಳೆ ಹುರಿಯೋದರಲ್ಲಿ ಅವಸರ ಮಾಡಬೇಡಿ. ಸಣ್ಣ ಉರಿ, ಕೈಯಾಡಿಸ್ತಾನೇ ಇರಬೇಕು, ಘಂ ಅಂತ ವಾಸನೆ ಬಂದು ಬೇಳೆ ತಿಳಿ ಹೊಂಬಣ್ಣಕ್ಕೆ ತಿರುಗ್ತಿದೆ ಅಂದಾಗ ತಟ್ಟೆಗೆ ಸುರಿದುಬಿಡಿ, ಬಾಣಲೇಲೇ ಬಿಟ್ರೆ ಆ ಬಿಸಿಗೇ ಕೆಂಪಾಗುತ್ತೆ, ಕೆಂಪಾದ ಉದ್ದು ಚಕ್ಕುಲೀನೂ ಕೆಂಪು ಮಾಡುತ್ತೆ. ಪೂರ್ತಿ ತಣ್ಣಗಾದ ಮೇಲೆ ಪುಡಿ ಮಾಡಿ. ಮಿಕ್ಸೀಲಿ ಎಷ್ಟು ತಿರುಗಿಸಿದ್ರೂ ತರಿ ಉಳಿಯುತ್ತೆ, ಅದನ್ನ ಸಣ್ಣ ಕಣ್ಣಿನ ಜರಡೀಲಿ ಹಿಡಿದು, ಉಳಿದ ತರಿ ಮತ್ತೆ ರುಬ್ಬಿ ಮತ್ತೆ ಜರಡಿ ಹಿಡಿಯಲೇಬೇಕು. ಒಂದು ದಪ್ಪ ತರಿ ಒರಳಿನ ಬಿಲ್ಲೆಯ ತೂತಿಗೆ ಸಿಕ್ಕಿಹಾಕ್ಕೊಂಡ್ರೆ ಸಾಕು, ಆ ಕಡೆ ಎಳೆ ಸೀಳಿಕೊಂಡೇ ಬರುತ್ತೆ, ನಾವು ಹಿಟ್ಟಿನ ಹದ ಸರಿಯಿಲ್ಲ ಅಂದ್ಕೊಂಡು ನೀರು ಬೆಣ್ಣೆ ಅಂತ ಇಲ್ಲದ್ದನ್ನೆಲ್ಲಾ ಹಾಕ್ತಾ ಕೂರ್ತೀವಿ.

ಈಗ ಕಲಸೋದು. 4 ಕಪ್ ಅಕ್ಕಿ ಹಿಟ್ಟು, 1 ಕಪ್ ಉದ್ದಿನ ಹಿಟ್ಟು, ಎರಡು ಟೀ ಚಮಚ ಪುಡಿ ಉಪ್ಪು, ಜೀರಿಗೆ, ಎಳ್ಳು, ಬೇಕಾದ್ರೆ ಓಂಕಾಳು, ಬೆಣ್ಣೆ ಸುಮಾರು 60 ಗ್ರಾಂ. ಇಂಗನ್ನ ಒಣ ಹಿಟ್ಟಿಗೆ ಹಾಕಬೇಡಿ, ಒಂದು ಚಮಚ ನೀರಲ್ಲಿ ಕರಗಿಸಿ ಹಾಕಿ, ಇಲ್ಲಾಂದ್ರೆ ಒಂದು ಚಕ್ಕುಲೀಲಿ ಗಂಟು ಸಿಕ್ಕಿ ಬಾಯೆಲ್ಲಾ ಕಹಿ, ಇನ್ನೊಂದರಲ್ಲಿ ವಾಸನೇನೇ ಇಲ್ಲ. ಬೆಣ್ಣೆ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಂಗಡಿ ಬೆಣ್ಣೇಲಿ ನೂರಕ್ಕೆ 16 ಪಾಲಿನವರೆಗೂ ನೀರಿರುತ್ತೆ, ಉಪ್ಪಿರೋ ಬೆಣ್ಣೆ ಆದ್ರೆ ಹಿಟ್ಟಿಗೆ ಹಾಕೋ ಉಪ್ಪು ಕಮ್ಮಿ ಮಾಡ್ಬೇಕು. ಮನೇಲಿ ಕಡೆದ ಬೆಣ್ಣೆ ಆದ್ರೆ ತಣ್ಣೀರಲ್ಲಿ ಮೂರು ನಾಲ್ಕು ಸಲ ಚೆನ್ನಾಗಿ ತೊಳೀರಿ, ಮಜ್ಜಿಗೆ ಅಂಶ ಉಳಿದ್ರೆ ಚಕ್ಕುಲಿ ಬೇಯೋಕೆ ಮುಂಚೆ ಕೆಂಪಾಗಿಬಿಡುತ್ತೆ. ಬೆಣ್ಣೆ ಬೇಡ ಅಂದ್ರೆ ಕಾಯಿಸಿದ ಎಣ್ಣೆ ಹಾಕಬಹುದು, ಅಷ್ಟೇ ಗರಿಗರಿ ಬರುತ್ತೆ, ಬಾಯಲ್ಲಿ ಕರಗೋ ಮೃದು ಮಾತ್ರ ಬೆಣ್ಣೆಯದ್ದೇ. ವನಸ್ಪತಿ ಖಂಡಿತ ಬೇಡ.

ಬೆಣ್ಣೆ ಕರಗಿಸಿ ಒಣ ಹಿಟ್ಟಿಗೆ ಹಾಕಿ ಎರಡೂ ಅಂಗೈಯಲ್ಲಿ ಚೆನ್ನಾಗಿ ಉಜ್ಜಿ, ಎಲ್ಲೂ ಗಂಟಿರಬಾರದು. ಆಮೇಲೆ ಒಂದು ಹಿಡಿ ಹಿಟ್ಟು ತಗೊಂಡು ಮುಷ್ಟಿ ಬಿಗಿ ಹಿಡೀರಿ, ಕೈ ತೆಗೆದ್ರೆ ಉಂಡೆ ನಿಲ್ಲಬೇಕು, ಬೆರಳಲ್ಲಿ ಮೆಲ್ಲಗೆ ತಟ್ಟಿದ್ರೆ ಒಡೀಬೇಕು. ನಿಲ್ಲಲೇ ಇಲ್ಲ ಅಂದ್ರೆ ಇನ್ನೊಂದು ಚಮಚ ಬೆಣ್ಣೆ, ತಟ್ಟಿದ್ರೂ ಒಡೀಲಿಲ್ಲ ಅಂದ್ರೆ ಬೆಣ್ಣೆ ಜಾಸ್ತಿ ಆಗಿದೆ, ಆಗ ಅಕ್ಕಿ ಉದ್ದು ಎರಡನ್ನೂ ಅದೇ ನಾಲ್ಕಕ್ಕೆ ಒಂದರ ಲೆಕ್ಕದಲ್ಲೇ ಸೇರಿಸಿ, ಬರೀ ಅಕ್ಕಿ ಹಾಕಬೇಡಿ. ಬೆಣ್ಣೆಯ ತೀರ್ಮಾನ ಇಲ್ಲೇ, ನೀರು ಹಾಕೋಕೆ ಮುಂಚೆನೇ ಆಗಿಬಿಡಬೇಕು. ನೀರು ಬಿದ್ದ ಮೇಲೆ ಬೆಣ್ಣೆ ಮುಟ್ಟಲೇಬಾರದು ಅಂತ ಇಟ್ಕೊಳಿ, ಅರ್ಧ ತೊಂದರೆ ಕಮ್ಮಿ ಆಗುತ್ತೆ.

ಇನ್ನು ನೀರು. ಎಲ್ಲಾ ಹಿಟ್ಟು ಒಂದೇ ಸಲ ಕಲಸಬೇಡಿ, ಕಾಲು ಭಾಗ ತಗೊಂಡು ಕಲಸಿ, ಅದು ಒತ್ತಿ ಮುಗಿಯೋ ಹೊತ್ತಿಗೆ ಮುಂದಿನದು. ಕಲಸಿ ತುಂಬಾ ಹೊತ್ತು ಇಟ್ಟ ಹಿಟ್ಟು ಮೇಲೆ ಒಣಗುತ್ತೆ, ಕರಿದ್ರೆ ಬೇಗ ಕೆಂಪಾಗುತ್ತೆ, ಎಣ್ಣೆ ಬೇರೆ ಕುಡಿಯುತ್ತೆ. ಕೈ ತಡೆಯೋಷ್ಟು ಬಿಸಿ ನೀರು ಸಾಕು. ಕುದಿಯೋ ನೀರು ಹಾಕ್ತಾರಲ್ಲ ಅಂತ ಕೇಳ್ತಾರೆ ಎಷ್ಟೋ ಜನ, ಸುಮಾರು 70 ಡಿಗ್ರಿ ದಾಟಿದ ನೀರು ಬಿದ್ರೆ ಅಕ್ಕಿ ಹಿಟ್ಟು ಅಲ್ಲೇ ಬೇಯೋಕೆ ಶುರು ಆಗುತ್ತೆ, ಅಂಟು ಬರುತ್ತೆ, ಎಳೆ ಚೆನ್ನಾಗಿ ನಿಲ್ಲುತ್ತೆ ನಿಜ, ಆದ್ರೆ ಜಾಸ್ತಿ ಬೆಂದ್ರೆ ಚಕ್ಕುಲಿ ಬಿರುಸಾಗುತ್ತೆ. ಉದ್ದು ಸಾಕಷ್ಟು ಇರೋ ನಮ್ಮ ಚಕ್ಕುಲಿಗೆ ಅದು ಬೇಕಾಗಿಲ್ಲ. ಈ ಕಾಲು ಭಾಗಕ್ಕೆ ಅರ್ಧ ಕಪ್ ನೀರಿಂದ ಶುರು ಮಾಡಿ, ಆಮೇಲೆ ಚಮಚ ಚಮಚವಾಗಿ ಹಾಕ್ಕೊಂಡು ಹೋಗಿ, ಚಪಾತಿ ಹಿಟ್ಟಿಗಿಂತ ಸ್ವಲ್ಪ ಮೆತ್ತಗೆ, ಕೈಗೆ ಅಂಟದ ಹಾಗೆ. ಒದ್ದೆ ಬಟ್ಟೆ ಮುಚ್ಚಿಡಿ.

ಈಗ ಒರಳಿಗೆ ತುಂಬಿ ಒಂದು ಗೇಣು ಎಳೆ ತಟ್ಟೆ ಮೇಲೆ ಇಳಿಸಿ, ಬೆಳಕಿಗೆ ಹಿಡಿದು ನೋಡಿ. ನಕ್ಷತ್ರದ ಬಿಲ್ಲೆಯಿಂದ ಬಂದ ಎಳೆಗೆ ಐದಾರು ಮುಳ್ಳಿನ ಸಾಲು ಇರುತ್ತಲ್ಲ, ಆ ಸಾಲಿನ ತುದಿ ಗರಗಸದ ಹಾಗೆ ಹರಕು ಹರಕಾಗಿದ್ರೆ ನೀರು ಸಾಲದು. ಸಾಲುಗಳು ಒಂದಕ್ಕೊಂದು ಕೂಡಿಕೊಂಡು ಎಳೆ ದುಂಡಗೆ ಪಳಪಳ ಅಂತಿದ್ರೆ, ಬಿಲ್ಲೆ ಕೆಳಗೆ ಅಂಟಿಕೊಂಡು ಎಳೆ ವಾಲ್ತಾ ಇಳಿದ್ರೆ ನೀರು ಜಾಸ್ತಿ. ಸಾಲು ಒಂದೊಂದೂ ಚೂಪಾಗಿ ನಿಂತಿದೆ, ತುದಿ ಹರಿದಿಲ್ಲ, ಎಳೆಯನ್ನ ತೋರುಬೆರಳಿಗೆ ಒಂದು ಸುತ್ತು ಸುತ್ತಿದ್ರೆ ಬಿರುಕು ಬಿಡ್ತಿಲ್ಲ ಅಂದ್ರೆ ಹದ ಬಂತು ಅಂತ. ನೀರು ಸಾಲದೆ ಇದ್ರೆ ಒರಳಿಂದ ಹಿಟ್ಟು ಪೂರ್ತಿ ತೆಗೆದು ಅಂಗೈ ಒದ್ದೆ ಮಾಡ್ಕೊಂಡು ನಾದಿ, ಮೇಲಿಂದ ಸುರೀಬೇಡಿ, ಒಂದು ಚಮಚ ನೀರು ಎಷ್ಟು ಬದಲಾವಣೆ ಮಾಡುತ್ತೆ ಅಂತ ನಿಮಗೇ ಆಶ್ಚರ್ಯ ಆಗುತ್ತೆ. ಆ ಮುಳ್ಳು ಬರೀ ಚೆಂದಕ್ಕಲ್ಲ, ಮುಳ್ಳಿದ್ದಷ್ಟೂ ಎಣ್ಣೆ ತಾಗೋ ಜಾಗ ಜಾಸ್ತಿ, ನೀರು ಬೇಗ ಹೊರಗೆ ಹೋಗುತ್ತೆ, ಅದಕ್ಕೇ ಮುಳ್ಳು ಕೂಡಿಕೊಂಡ ಚಕ್ಕುಲಿ ಮೇಲೆ ಬೆಂದು ಒಳಗೆ ಹಸಿ ಉಳಿಯುತ್ತೆ.

ನಿಮ್ಮ ಉತ್ತರ ಕರ್ನಾಟಕದ ಸ್ನೇಹಿತರನ್ನ ಕೇಳಿದ್ರೆ ಬೇರೇನೇ ಹೇಳ್ತಾರೆ, ಅವರದು ಅಕ್ಕಿ ಕಡಲೆಬೇಳೆ ಉದ್ದಿನಬೇಳೆ ಹೆಸರುಬೇಳೆ ಕೊತ್ತಂಬರಿ ಜೀರಿಗೆ ಎಲ್ಲಾ ಬೇರೆ ಬೇರೆ ಹುರಿದು ಒಟ್ಟಿಗೆ ಬೀಸಿಸೋ ಚಕ್ಲಿ, ದೀಪಾವಳಿಗೆ ಆಗಲೇಬೇಕು, ಖಾರ ಅರಿಶಿನ ಬಿದ್ದು ಕೆಂಪಗಿರುತ್ತೆ, ಒಂದು ತಿಂದ್ರೆ ಹೊಟ್ಟೆ ತುಂಬಿದ ಹಾಗೆ. ಉಡುಪಿ ಮಂಗಳೂರು ಕಡೆ ಉದ್ದನ್ನ ಹುರಿಯೋದರ ಬದಲು ಮೆತ್ತಗೆ ಬೇಯಿಸಿ ನುಣ್ಣಗೆ ರುಬ್ಬಿ, ಆ ರುಬ್ಬಿದ್ದಕ್ಕೇ ಅಕ್ಕಿ ಹಿಟ್ಟು ಹಿಡಿಯೋಷ್ಟು ಹಾಕಿ ಕಲಸ್ತಾರೆ, ತೆಂಗಿನೆಣ್ಣೇಲಿ ಕರೀತಾರೆ. ಹೊಸದಾಗಿ ಕಲಿಯೋರಿಗೆ ನಾನು ಇದನ್ನೇ ಹೇಳೋದು, ಯಾಕಂದ್ರೆ ಬೆಂದ ಉದ್ದು ನೀರನ್ನ ತಾನೇ ಹಿಡಿದಿಟ್ಟುಕೊಂಡಿರುತ್ತೆ, ಒತ್ತುವಾಗ ಮುರಿಯೋದು ಬಹಳ ಕಮ್ಮಿ, ತರಿ ಸಿಕ್ಕಿಹಾಕ್ಕೊಳ್ಳೋ ಪ್ರಶ್ನೇನೇ ಇಲ್ಲ. ನಿಮಗೆ ಗಿರಣಿಗೆ ಹೋಗೋ ಪುರುಸೊತ್ತು ಇಲ್ಲ ಅಂದ್ರೆ ಈ ದಾರಿ ಹಿಡೀರಿ. ಇನ್ನು ಉತ್ತರ ಕನ್ನಡದ ಶಿರಸಿ ಕಡೆ ಚೌತಿ ಹೊತ್ತಿಗೆ ಚಕ್ಕುಲಿ ಕಂಬಳ ಅಂತಾನೇ ಮಾಡ್ತಾರೆ, ಅಕ್ಕಪಕ್ಕದ ಮನೆಯೋರೆಲ್ಲಾ ಒಂದು ಮನೇಲಿ ಸೇರಿ, ಗಂಡಸರು ಸಾಲಾಗಿ ಕೂತು, ಒರಳೇ ಇಲ್ಲದೆ ಕೈಯಲ್ಲೇ ಹಿಟ್ಟು ನುಲಿದು ಸುತ್ತು ಹಾಕೋದು. ಕೈ ಚಕ್ಕುಲಿಗೆ ಹಿಟ್ಟನ್ನ ಚೆನ್ನಾಗಿ ನಾದಿ ಬಾಗೋ ಹದಕ್ಕೆ ತರದೇ ಇದ್ರೆ ಅರ್ಧ ಸುತ್ತೂ ಬರಲ್ಲ. ಅವರ ಕೈ ನೋಡಿದ್ರೆ ಅಕ್ಕಿ ಹಿಟ್ಟಿಂದಲೂ ಇಷ್ಟು ಬಾಗೋ ಎಳೆ ತೆಗೀಬಹುದಾ ಅನ್ಸುತ್ತೆ, ಸಿಕ್ಕಿದ್ರೆ ಒಂದು ಸಲ ಹೋಗಿ ನೋಡಿ.

ಹುರಿಗಡಲೆ ಕೇಳಿದ್ರಲ್ಲ, ಹಾಕಬಹುದು. ಹುರಿಯೋ ಕೆಲಸ ಇಲ್ಲ, ಮಿಕ್ಸೀಲಿ ನುಣ್ಣಗೆ ಪುಡಿ ಆಗುತ್ತೆ, ಪರಿಮಳ ಚೆನ್ನ. ಆದ್ರೆ ಅದಕ್ಕೆ ಉದ್ದಿನ ಲೋಳೆ ಇಲ್ಲ, ಬೇಗ ಕೆಂಪಾಗುತ್ತೆ, ಬೆಣ್ಣೆ ಸ್ವಲ್ಪ ಜಾಸ್ತಿ ಆದ್ರೂ ಬಿಚ್ಚಿಕೊಳ್ಳುತ್ತೆ. ಮೊದಲ ಸಲಕ್ಕೆ ಅರ್ಧ ಕಪ್ ಉದ್ದು ಅರ್ಧ ಕಪ್ ಹುರಿಗಡಲೆ ಹಾಕಿ, ಬೆಣ್ಣೆ ಒಂದು ಚಮಚ ಕಮ್ಮಿ ಮಾಡಿ.

ಕರಿಯೋದು. ಕಡಲೆಕಾಯಿ ಎಣ್ಣೆ ಆಗಲಿ ಸೂರ್ಯಕಾಂತಿ ಆಗಲಿ, ಎಣ್ಣೆ 170 ಡಿಗ್ರಿ ಆಸುಪಾಸು ಇರಬೇಕು. ಥರ್ಮಾಮೀಟರ್ ಇಲ್ಲದೆ ಇದ್ರೆ ಕಡಲೆಕಾಳಿನಷ್ಟು ಹಿಟ್ಟು ಬಿಡಿ, ಅದು ತಳಕ್ಕೆ ಹೋಗಿ ಕ್ಷಣದಲ್ಲಿ ಮೇಲೆ ಬರಬೇಕು, ಆದ್ರೆ ಬಣ್ಣ ಬರಬಾರದು. ತಳದಲ್ಲೇ ಕೂತ್ರೆ ಎಣ್ಣೆ ಕಾದಿಲ್ಲ, ಮೇಲೆ ಬರ್ತಾನೇ ಕೆಂಪಾದ್ರೆ ಉರಿ ಜಾಸ್ತಿ. ಬಾಣಲೆ ತುಂಬಾ ತುಂಬಬೇಡಿ, ಮನೆ ಬಾಣಲೆಗೆ ನಾಲ್ಕೈದು ಸಾಕು, ಒಟ್ಟಿಗೆ ಹತ್ತು ಹಾಕಿದ್ರೆ ಎಣ್ಣೆ ಒಮ್ಮೆಲೇ ತಣ್ಣಗಾಗುತ್ತೆ. ಚಕ್ಕುಲಿ ಬಿಟ್ಟ ಮೇಲೆ ಜಾಲರಿ ತಗೊಂಡು ತಕ್ಷಣ ಆಡಿಸಬೇಡಿ, ಅದು ಇನ್ನೂ ಹಸಿ ಹಿಟ್ಟು, ಮುಟ್ಟಿದ್ರೆ ಮುರಿಯುತ್ತೆ. ಶುರುವಲ್ಲಿ ದಪ್ಪ ದಪ್ಪ ಗುಳ್ಳೆ, ಜೋರು ಸದ್ದು ಇರುತ್ತೆ, ಅದೆಲ್ಲಾ ಹಿಟ್ಟಿನ ನೀರು ಹೊರಗೆ ಬರ್ತಿರೋದು. ಒಂದೆರಡು ನಿಮಿಷಕ್ಕೆ ಗುಳ್ಳೆ ಸಣ್ಣದಾಗ್ತಾ ಬರುತ್ತೆ, ಆಗ ತಿರುವಿ ಹಾಕಿ, ಉರಿ ಮಧ್ಯಮಕ್ಕೆ ಇಳಿಸಿ. ಸದ್ದು ಅಡಗಿ, ಮುಳ್ಳಿನ ಸಾಲಿನ ಸುತ್ತ ಎಲ್ಲೋ ಒಂದೊಂದು ಸೂಜಿ ಮೊನೆಯಷ್ಟು ಗುಳ್ಳೆ ಉಳಿದಾಗ ತೆಗೀರಿ. ಬಣ್ಣ ನೋಡಿ ತೆಗೆಯೋರು ಮೋಸ ಹೋಗ್ತಾರೆ, ಉರಿ ಜೋರಿದ್ರೆ ಬಣ್ಣ ಬೇಗ ಬರುತ್ತೆ ಒಳಗೆ ನೀರು ಹಾಗೇ ಇರುತ್ತೆ, ಗುಳ್ಳೆಯನ್ನ ನಂಬಿ. ತೆಗೆದ ಮೇಲೂ ಬಣ್ಣ ಒಂದು ಸುತ್ತು ಏರುತ್ತೆ, ಹಾಗಾಗಿ ಬೇಕಾದ ಬಣ್ಣಕ್ಕಿಂತ ಚೂರು ಮುಂಚೇನೇ ತೆಗೀಬೇಕು.

ಎಣ್ಣೆ ಕುಡಿಯೋ ವಿಷಯದಲ್ಲಿ ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. ಕರೀತಿರೋವಾಗ ಆವಿ ಹೊರಗೆ ತಳ್ತಾ ಇರೋದ್ರಿಂದ ಎಣ್ಣೆ ಒಳಗೆ ಹೋಗೋದು ಕಮ್ಮಿ, ಹೊರಗೆ ತೆಗೆದ ಮೇಲೆ ತಣ್ಣಗಾಗ್ತಾ ಒಳಗಿನ ಆವಿ ಕುಗ್ಗುತ್ತಲ್ಲ, ಆಗ ಮೈಮೇಲಿರೋ ಎಣ್ಣೇನ ತೂತುಗಳು ಒಳಗೆ ಎಳ್ಕೊಳ್ತವೆ. ಅದಕ್ಕೇ ತೆಗೆದ ತಕ್ಷಣ ಬಾಣಲೆ ಮೇಲೇ ಜಾಲರೀಲಿ ಹಿಡಿದು ಚೆನ್ನಾಗಿ ಒದರಿ, ತೂತಿನ ಪಾತ್ರೇಲಿ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ, ಆ ಮೊದಲ ಅರ್ಧ ನಿಮಿಷದಲ್ಲೇ ಜಿಡ್ಡಿನ ಲೆಕ್ಕ ಮುಗಿದುಹೋಗುತ್ತೆ.

ಮೊದಲ ಚಕ್ಕುಲಿ ಪೂರ್ತಿ ಆರೋವರೆಗೂ ಕಾಯಿರಿ, ಬಿಸೀಲಿ ಎಲ್ಲಾ ಚಕ್ಕುಲೀನೂ ಚೆನ್ನಾಗೇ ಇರುತ್ತೆ. ಆರಿದ ಮೇಲೆ ಎರಡು ಬೆರಳಲ್ಲಿ ಮುರೀರಿ. ಟಕ್ ಅಂತ ಮುರಿದು, ಮುರಿದ ಜಾಗದಲ್ಲಿ ಸಣ್ಣ ಸಣ್ಣ ತೂತು ಕಾಣಿಸಿದ್ರೆ ಗೆದ್ರಿ. ಬಲ ಹಾಕಿದ್ರೂ ಮುರೀತಿಲ್ಲ, ಒಳಗೆ ಒತ್ತೊತ್ತಾಗಿದೆ ಅಂದ್ರೆ ಅದು ಕಲ್ಲು, ಹಿಟ್ಟಿಗೆ ಉದ್ದೋ ಬೆಣ್ಣೆಯೋ ನೀರೋ ಸಾಲದು, ನಿಮ್ಮ ಮೂರನೇ ಸಲದ್ದು ಇದೇ. ಮುರಿಯದೆ ಬಾಗಿದ್ರೆ, ಜಗಿದ್ರೆ ನಾರಿನ ಹಾಗೆ ಬಂದ್ರೆ ಅದು ಕಲ್ಲಲ್ಲ, ಒಳಗೆ ನೀರು ಉಳಿದಿದೆ, ಅದಕ್ಕೆ ಹಿಟ್ಟನ್ನ ಮುಟ್ಟೋದೇ ಬೇಡ, ಉರಿ ಕಮ್ಮಿ ಮಾಡಿ ಇನ್ನೂ ಸ್ವಲ್ಪ ಹೊತ್ತು ಕರಿದ್ರೆ ಸರಿಹೋಗುತ್ತೆ. ಎಷ್ಟೋ ಜನ ಇವೆರಡನ್ನೂ ಗಟ್ಟಿ ಆಯ್ತು ಅಂತ ಒಂದೇ ಮಾತಲ್ಲಿ ಹೇಳ್ತಾರೆ, ಔಷಧಿ ಮಾತ್ರ ಬೇರೆ ಬೇರೆ. ತಮಿಳುನಾಡಿನ ಮಣಪ್ಪಾರೈ ಮುರುಕ್ಕು ಇದೆಯಲ್ಲ, 2023ರಲ್ಲಿ ಜಿಐ ಟ್ಯಾಗ್ (ಇದು ಆ ಊರಿನದೇ ಅನ್ನೋ ಸರ್ಕಾರಿ ಗುರುತು) ಸಿಕ್ಕಿತು, ಅದನ್ನ ಎರಡು ಸಲ ಕರೀತಾರೆ. ನಾರು ನಾರಾಗಿ ಬಂದ ಚಕ್ಕುಲೀನ ನೀವೂ ಹಾಗೇ ಇನ್ನೊಂದು ಸಲ ಎಣ್ಣೆಗೆ ಬಿಟ್ಟು ಸರಿಮಾಡಬಹುದು.

ಅಷ್ಟಮಿಗೆ ಅಂದ್ರಲ್ಲ, ಕೃಷ್ಣನಿಗೆ ನೈವೇದ್ಯ ಆಗೋ ಮುಂಚೆ ರುಚಿ ನೋಡೋ ಹಾಗಿಲ್ಲ ಅನ್ನೋ ಮನೆ ನಿಮ್ಮದಾಗಿದ್ರೆ, ಹಬ್ಬಕ್ಕೆ ಎರಡು ದಿನ ಮುಂಚೆ ಅದೇ ಹಿಟ್ಟು ಅದೇ ಬೆಣ್ಣೇಲಿ ಒಂದು ಕಪ್‌ನಷ್ಟು ಬೇರೆ ಕಲಸಿ ಕರಿದು ನೋಡಿ, ಉಪ್ಪು ಖಾರ ಗುರುತು ಹಾಕಿಕೊಳ್ಳಿ. ಹಬ್ಬದ ದಿನ ಬಾಯಿಗೆ ಹಾಕಬೇಕಾಗೇ ಇಲ್ಲ, ಕೈಯಲ್ಲಿ ಮುರಿದ ಸದ್ದೇ ಎಲ್ಲಾ ಹೇಳುತ್ತೆ. ಉಪವಾಸ ಇದ್ಕೊಂಡು ಒಲೆ ಮುಂದೆ ನಿಂತಾಗ ಹದದ ಚಿಂತೆ ಇರಬಾರದು, ಅದಕ್ಕೇ ಇಷ್ಟು ಒತ್ತಿ ಹೇಳ್ತಿದೀನಿ.

ಕೋಡುಬಳೆ ಸಿಡಿದದ್ದಕ್ಕೆ ನೀವು ಹೆದರಿದ್ದು ಸಹಜ. ನೀರು ಆವಿಯಾದ್ರೆ 1,600 ಪಟ್ಟಿಗೂ ಹೆಚ್ಚು ಜಾಗ ಬೇಡುತ್ತೆ. ಚಕ್ಕುಲಿ ಎಳೆ ಸಣ್ಣದು, ಮುಳ್ಳಿದೆ, ಆವಿಗೆ ದಾರಿ ಇದೆ. ಕೋಡುಬಳೆ ದಪ್ಪ, ಮೈ ನುಣ್ಣಗೆ, ಮೇಲಿನ ಪದರ ಬೇಗ ಗಟ್ಟಿಯಾಗಿ ಮುಚ್ಚಿಕೊಂಡ್ರೆ ಒಳಗಿನ ಆವಿ ಒಡ್ಕೊಂಡೇ ಬರಬೇಕು. ಹೊಸೆಯುವಾಗ ಗಾಳಿ ಒಳಗೆ ಸೇರಿದ್ರೆ, ಕರಗದ ಉಪ್ಪಿನ ಹರಳೋ ಹಿಟ್ಟಿನ ಗಂಟೋ ಉಳಿದಿದ್ರೆ ಅಲ್ಲಿಂದಲೇ ಸಿಡಿಯೋದು. ಅದಕ್ಕೆ ಕೋಡುಬಳೆಗೆ ಎಲ್ಲಾ ಹಿಟ್ಟೂ ಜರಡಿ ಹಿಡಿದು ಬಳಸಿ, ಉಪ್ಪು ನೀರಲ್ಲಿ ಕರಗಿಸಿ ಹಾಕಿ, ಒಣಕೊಬ್ಬರಿ ನುಣ್ಣಗೆ ಪುಡಿ ಮಾಡಿ. 1 ಕಪ್ ಅಕ್ಕಿ ಹಿಟ್ಟಿಗೆ ಕಾಲು ಕಪ್ ಚಿರೋಟಿ ರವೆ, ಕಾಲು ಕಪ್ ಮೈದಾ, ಕಾಲು ಕಪ್ ಹುರಿಗಡಲೆ ಪುಡಿ, ಎರಡು ಚಮಚ ಕಾದ ಎಣ್ಣೆ, ರವೆ ಮೈದಾ ಇರೋದ್ರಿಂದ ಹೊಸೆಯೋಕೂ ಸಲೀಸು. ಕಿರುಬೆರಳಿಗಿಂತ ದಪ್ಪ ಮಾಡಬೇಡಿ, ಗಾಳಿ ಉಳಿಯದ ಹಾಗೆ ಒತ್ತಿ ಹೊಸೆದು, ತುದಿ ಎರಡನ್ನೂ ಗಟ್ಟಿಯಾಗಿ ಕೂಡಿಸಿ. ಚಕ್ಕುಲಿಗಿಂತ ಕಮ್ಮಿ ಉರೀಲಿ ನಿಧಾನಕ್ಕೆ ಬೇಯಿಸಿ, ಜೋರು ಉರಿಯೇ ಇದಕ್ಕೆ ಶತ್ರು. ನಿಪ್ಪಟ್ಟಿಗೆ ಫೋರ್ಕಲ್ಲಿ ಚುಚ್ಚೋದೂ ಆವಿಗೆ ದಾರಿ ಮಾಡೋಕೇ. ಮಕ್ಕಳನ್ನ ಒಲೆ ಹತ್ತಿರ ಬಿಡಬೇಡಿ, ಎಣ್ಣೆ ಕೈಮೇಲೆ ಸಿಡಿದ್ರೆ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡೀರಿ, ಅರಿಶಿನ ಟೂತ್‌ಪೇಸ್ಟ್ ಏನೂ ಹಚ್ಚಬೇಡಿ, ಗುಳ್ಳೆ ದೊಡ್ಡದಾದ್ರೆ ಡಾಕ್ಟರ್ ಹತ್ರ ಹೋಗಿ.

ಏರ್ ಫ್ರೈಯರ್‌ಗೆ ನನ್ನ ಉತ್ತರ ಬೇಡ ಅಂತಲೇ. ಬಿಸಿ ಗಾಳಿ ಹಿಟ್ಟನ್ನ ಒಣಗಿಸುತ್ತೆ, ಎಣ್ಣೆಯಷ್ಟು ವೇಗವಾಗಿ ಬಿಸಿ ಕೊಡಲ್ಲ, ಹಾಗಾಗಿ ಆ ತೂತುಗಳು ಸರಿಯಾಗಿ ಆಗಲ್ಲ, ನೀವು ಬೇಡ ಅಂತಿರೋ ಕಲ್ಲೇ ಮತ್ತೆ ಸಿಗುತ್ತೆ. ಎಣ್ಣೆ ಕಮ್ಮಿ ತಿನ್ಬೇಕು ಅಂದ್ರೆ ಒಳ್ಳೆ ಚಕ್ಕುಲಿ ಎರಡು ತಿನ್ನಿ. ಆದ್ರೆ ಆ ಮೆಷಿನ್ನಿಗೆ ಬೇರೆ ಒಳ್ಳೆ ಕೆಲಸ ಇದೆ. ಅಷ್ಟಮಿ ಬರೋದು ಮಳೆಗಾಲದಲ್ಲಿ, ಗಾಳೀಲಿ ಪಸೆ ಜಾಸ್ತಿ, ಬೆಚ್ಚಗಿರೋವಾಗಲೇ ಡಬ್ಬಿಗೆ ಹಾಕಿದ್ರೆ ಒಳಗೇ ಬೆವರಿ ಮಾರನೇ ದಿನಕ್ಕೆ ಮೆತ್ತಗಾಗುತ್ತೆ, ಅದಕ್ಕೆ ಪೂರ್ತಿ ತಣ್ಣಗಾದ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬೀಲಿ ಹಾಕಿ, ದಿನಾ ತಿನ್ನೋದಕ್ಕೆ ಸಣ್ಣ ಡಬ್ಬಿ ಬೇರೆ ಇಡಿ. ಹಾಗೂ ಮೆತ್ತಗಾದ್ರೆ ಏರ್ ಫ್ರೈಯರ್‌ನಲ್ಲಿ 140 ಡಿಗ್ರೀಲಿ ನಾಲ್ಕೈದು ನಿಮಿಷ ಇಟ್ಟು, ಹೊರಗೆ ತೆಗೆದು ಆರೋಕೆ ಬಿಡಿ, ಮತ್ತೆ ಗರಿಗರಿ ಆಗುತ್ತೆ. ಕರಿದ ಎಣ್ಣೇನ ತಣ್ಣಗಾದ ಮೇಲೆ ಬಟ್ಟೇಲಿ ಸೋಸಿ, ತಳದ ಹಿಟ್ಟಿನ ಪುಡಿ ತೆಗೆದು, ಒಗ್ಗರಣೆಗೆ ಪಲ್ಯಕ್ಕೆ ಬೇಗ ಬಳಸಿ ಮುಗಿಸಿ, ದಪ್ಪಗಾಗಿ ನೊರೆ ಬರ್ತಿದ್ರೆ ಅಥವಾ ಬೇಗ ಹೊಗೆ ಬಂದ್ರೆ ಚೆಲ್ಲಿಬಿಡಿ.

ಪರೀಕ್ಷೆಗೆ ಅಂತ ಒಂದು ಕಪ್ ಕಲಸಿದಾಗ ಯಾವ ಅಕ್ಕಿ ಹಿಟ್ಟು, ಎಷ್ಟು ನೀರು ಹಿಡೀತು, ಎಳೆ ಮುಳ್ಳು ಹೇಗಿತ್ತು, ಆರಿದ ಮೇಲೆ ಮುರೀತಾ ಬಾಗ್ತಾ ಅನ್ನೋದು ಬರೆದು ಕಳಿಸಿ. ಅಷ್ಟು ಗೊತ್ತಾದ್ರೆ ಹಬ್ಬದೊಳಗೆ ಸರಿಮಾಡೋಣ.